ಮನೆಯ ಈಜುಕೊಳ ಮತ್ತು ಪುಟ್ಟ ಮಕ್ಕಳು: ಯಾರೂ ಈಜದ ಹೊತ್ತಿನಲ್ಲೇ ಹೆಚ್ಚು ಅಪಾಯ

ಸ್ವಂತ ಮನೆಯಲ್ಲಿ ಈಜುಕೊಳ ಇರುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಿಮಗೆ ಅನ್ನಿಸಬಹುದು. ಆದರೆ ಪುಣೆಯಿಂದ ಲೋನಾವಳಕ್ಕೆ, ಮುಂಬೈಯಿಂದ ಕರ್ಜತ್ ಅಥವಾ ಅಲಿಬಾಗ್‌ಗೆ, ಚೆನ್ನೈಯಿಂದ ಈಸಿಆರ್ ರಸ್ತೆಯ ಬೀಚ್ ಮನೆಗೆ, ಹೈದರಾಬಾದಿನಿಂದ ಮೊಯಿನಾಬಾದ್ ಕಡೆಯ ತೋಟದ ಮನೆಗೆ, ದಿಲ್ಲಿಯಲ್ಲಾದರೆ ಛತ್ತರ್‌ಪುರದ ಫಾರ್ಮ್‌ಹೌಸ್‌ಗೆ ವಾರಾಂತ್ಯ ಕಳೆಯಲು ಹೋಗುವ ಕುಟುಂಬಗಳು ಬೇಕಾದಷ್ಟಿವೆ. ರಜೆಯಲ್ಲಿ ಊರಿಗೆ ಬಂದಾಗ ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೂ ಹೋಗುತ್ತೇವೆ. ಎರಡು ರಾತ್ರಿಯ ಮಟ್ಟಿಗೆ ಆ ಈಜುಕೊಳ ನಿಮ್ಮ ಮನೆಯದೇ. ಅಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಮಲಗುವ ಕೋಣೆಯ ಬಾಗಿಲು ತೆರೆದರೆ ಹತ್ತು ಹೆಜ್ಜೆಯಲ್ಲಿ ನೀರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. 1ರಿಂದ 4 ವರ್ಷದ ಮಕ್ಕಳ ಸಾವಿಗೆ ಇದು ನಾಲ್ಕನೇ ದೊಡ್ಡ ಕಾರಣ. ನಮ್ಮ ದೇಶದಲ್ಲಿ ಕೆರೆ, ಬಾವಿ, ಕಾಲುವೆ, ಕೃಷಿಹೊಂಡಗಳ ಸಾವುಗಳ ಮುಂದೆ ಈಜುಕೊಳದ ಪಾಲು ಚಿಕ್ಕದು, ನಿಜ. ಆದರೆ ಕೆರೆಗೆ ಬೇಲಿ ಹಾಕಿಸುವುದು ನಿಮ್ಮ ಕೈಯಲ್ಲಿಲ್ಲ. ಈಜುಕೊಳದ ವಿಷಯದಲ್ಲಿ ಬಹಳಷ್ಟು ನಿಮ್ಮ ಕೈಯಲ್ಲೇ ಇದೆ.

ಈ ಲೇಖನ ಮುಖ್ಯವಾಗಿ 1ರಿಂದ 4 ವರ್ಷದ ಮಕ್ಕಳ ಬಗ್ಗೆ.

ಅಪಾಯ ಯಾವ ಹೊತ್ತಿನಲ್ಲಿ?

ಈಜುಕೊಳದ ಸುರಕ್ಷತೆ ಎಂದ ಕೂಡಲೇ ಮಕ್ಕಳು ನೀರಾಟವಾಡುವ ದೃಶ್ಯ ಕಣ್ಣ ಮುಂದೆ ಬರುತ್ತದೆ. ಪುಟ್ಟ ಮಕ್ಕಳ ಮಟ್ಟಿಗೆ ಚಿತ್ರ ಬೇರೆಯೇ ಇದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1980ರ ದಶಕದಲ್ಲಿ ಅರಿಜೋನಾ, ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ ರಾಜ್ಯಗಳಲ್ಲಿ ಇಂಥ ಅವಘಡಗಳನ್ನು ಒಂದೊಂದಾಗಿ ಪರಿಶೀಲಿಸಿತು. 100ರಲ್ಲಿ 69 ಮಕ್ಕಳು ಆ ಹೊತ್ತಿನಲ್ಲಿ ಈಜುಕೊಳದ ಬಳಿ ಇರಬಹುದೆಂದು ಮನೆಯವರು ಎಣಿಸಿಯೇ ಇರಲಿಲ್ಲ. ಮಗು ಒಳಗೆ ಆಡುತ್ತಿದೆ ಅಥವಾ ನಿದ್ದೆ ಮಾಡುತ್ತಿದೆ ಎಂದುಕೊಂಡಿದ್ದರು. 100ರಲ್ಲಿ 77 ಮಕ್ಕಳು ಕಣ್ಮರೆಯಾಗಿದ್ದು 5 ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತು. ಹೆಚ್ಚಿನ ಮಕ್ಕಳು ಅಪ್ಪ ಅಥವಾ ಅಮ್ಮನ ಸುಪರ್ದಿಯಲ್ಲೇ ಇದ್ದರು.

ಈ ಕೊನೆಯ ಮಾತನ್ನು ಮತ್ತೊಮ್ಮೆ ಓದಿಕೊಳ್ಳಿ. ಇವರು ಬೇಜವಾಬ್ದಾರಿ ತಂದೆತಾಯಿಯರಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಕಾಲಿಂಗ್ ಬೆಲ್ ಹೊಡೆಯಿತು, ಚಿಕ್ಕ ಕೂಸು ಅತ್ತಿತು. ಅಷ್ಟೇ. ‘ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂಬ ಬುದ್ಧಿವಾದವೊಂದೇ ಇಲ್ಲಿ ಸಾಲುವುದಿಲ್ಲ. ದಿನವಿಡೀ ಒಂದು ಕ್ಷಣವೂ ತಪ್ಪದೆ ಯಾರೂ ಮಗುವನ್ನೇ ನೋಡುತ್ತ ಕೂರಲಾರರು. ಆ ತಪ್ಪಿದ ಕ್ಷಣದಲ್ಲಿ ಮಗುವಿಗೂ ನೀರಿಗೂ ನಡುವೆ ಏನಿದೆ ಎಂಬುದೇ ನಿಜವಾದ ಪ್ರಶ್ನೆ.

ಮುಳುಗುವ ಮಗು ಕೂಗುವುದಿಲ್ಲವೇ?

ಕೂಗುವುದಿಲ್ಲ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ‘ಕಾಪಾಡಿ’ ಎಂದು ಅರಚುತ್ತಾರೆ. ನಿಜವಾಗಿ ಆಗುವುದು ಬೇರೆ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ಮುಳುಗುವವರನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದ್ದು ಹೀಗೆ: ಬಾಯಿ ನೀರಿನ ಮೇಲೆ ಬರುವ ಚೂರು ಹೊತ್ತಿನಲ್ಲಿ ದೇಹ ಉಸಿರೆಳೆಯಲು ಹೆಣಗುತ್ತದೆ, ಮಾತಿಗೆ ಉಸಿರು ಉಳಿಯುವುದಿಲ್ಲ. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಆಗುವುದಿಲ್ಲ. ಹೀಗೆ ಮೇಲೆ ಉಳಿಯುವುದು 20ರಿಂದ 60 ಸೆಕೆಂಡು ಮಾತ್ರ. ದೂರದಿಂದ ನೋಡಿದವರಿಗೆ ಮಗು ಆಡುತ್ತಿರುವಂತೆಯೇ ಕಾಣಬಹುದು.

ಒಂದೂವರೆ ವರ್ಷದ ಮಗುವಾದರೆ ಇಷ್ಟೂ ಆಗುವುದಿಲ್ಲ. ಆ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯೇ ಭಾರ. ನೀರಿನಲ್ಲಿ ಬಿದ್ದ ಚೆಂಡನ್ನು ಬಗ್ಗಿ ಎತ್ತಿಕೊಳ್ಳಲು ಹೋದರೆ ತಲೆಕೆಳಗಾಗಿ ಬೀಳುತ್ತದೆ, ಮತ್ತೆ ತಲೆ ಎತ್ತುವ ಶಕ್ತಿ ಇರುವುದಿಲ್ಲ. ಆಮ್ಲಜನಕ ಸಿಗದೆ ಕೆಲವೇ ನಿಮಿಷ ಕಳೆದರೂ ಮೆದುಳಿಗೆ ಸರಿಪಡಿಸಲಾಗದ ಹಾನಿ ಆಗುತ್ತದೆ.

‘ಪೂಲ್ ಬರೀ ನಾಲ್ಕು ಅಡಿ, ಆಳವಿಲ್ಲ’ ಎಂದು ವಿಲ್ಲಾದವರು ಹೇಳುವುದುಂಟು. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂ.ಮೀ., ಅಂದರೆ ಮೂರು ಅಡಿಗೂ ಕಡಿಮೆ. ನಾಲ್ಕು ವರ್ಷದ್ದು ಸುಮಾರು ಒಂದು ಮೀಟರ್. ನಾಲ್ಕು ಅಡಿ ಎಂದರೆ 120 ಸೆಂ.ಮೀ. ಲೆಕ್ಕ ನೀವೇ ಹಾಕಿ.

ಬೇಲಿ: ನಾಲ್ಕೂ ಬದಿಗೆ

ಸ್ವಂತ ಮನೆ, ರೋ ಹೌಸ್ ಅಥವಾ ಟೆರೇಸಿನಲ್ಲಿ ಈಜುಕೊಳ ಇರುವವರು ಒಂದೇ ಒಂದು ಕೆಲಸಕ್ಕೆ ಹಣ ಖರ್ಚು ಮಾಡುವುದಾದರೆ ಅದು ಬೇಲಿಗೆ ಆಗಲಿ. ಅಲಾರಂ, ಕ್ಯಾಮೆರಾ, ದುಬಾರಿ ತೇಲುವ ಜಾಕೆಟ್ ಎಲ್ಲ ಆಮೇಲೆ.

ಬೇಲಿ ಎಂದರೆ ಕಾಂಪೌಂಡ್ ಗೋಡೆ ಅಲ್ಲ. ಕಾಂಪೌಂಡು ಪಕ್ಕದ ಮನೆಯ ಮಗುವನ್ನು ತಡೆಯುತ್ತದೆ, ನಿಮ್ಮ ಮಗುವನ್ನಲ್ಲ. ಮೂರು ಬದಿಗೆ ಬೇಲಿ, ನಾಲ್ಕನೆಯದಕ್ಕೆ ಮನೆಯ ಗೋಡೆ ಮತ್ತು ಅದರಲ್ಲೊಂದು ಸರಿಯುವ ಗಾಜಿನ ಬಾಗಿಲು ಇರುವ ವಿನ್ಯಾಸ ನೋಡಲು ಚೆಂದ. ಆದರೆ ಮಗು ಹೊರಗೆ ಹೋಗುವುದು ಆ ಬಾಗಿಲಿನಿಂದಲೇ. ಮನೆಯನ್ನೂ ಈಜುಕೊಳವನ್ನೂ ಪ್ರತ್ಯೇಕಿಸುವ ನಾಲ್ಕು ಬದಿಯ ಬೇಲಿಯು ಕೇವಲ ಜಾಗದ ಗಡಿಗೆ ಹಾಕಿದ ಬೇಲಿಗಿಂತ ಹೆಚ್ಚು ಮಕ್ಕಳನ್ನು ಉಳಿಸುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯ ತೀರ್ಮಾನ.

ಅಳತೆಗಳನ್ನು ಬರೆದುಕೊಂಡು ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಕೊಡಿ. ಎತ್ತರ ಕನಿಷ್ಠ 1.2 ಮೀಟರ್, ಅಂದರೆ 4 ಅಡಿ. 5 ಅಡಿ ಇದ್ದರೆ ಇನ್ನೂ ಒಳ್ಳೆಯದು. ಕಂಬಿಗಳ ನಡುವಿನ ಸಂದು 10 ಸೆಂ.ಮೀ. ಮೀರಬಾರದು, ನೆಲಕ್ಕೂ ಬೇಲಿಗೂ ನಡುವಿನ ಸಂದಿಗೂ ಇದೇ ಲೆಕ್ಕ. ಕಂಬಿಗಳು ನೆಟ್ಟಗೆ ನಿಂತಿರಬೇಕು. ನಮ್ಮ ಗ್ರಿಲ್ ಕೆಲಸದವರು ಅಡ್ಡಪಟ್ಟಿ, ಬಳ್ಳಿ, ವಜ್ರಾಕಾರ ಎಂದು ಅಂದದ ವಿನ್ಯಾಸ ಸೇರಿಸಲು ಇಷ್ಟಪಡುತ್ತಾರೆ. ಮಗುವಿನ ಕಾಲಿಗೆ ಅದು ಏಣಿ. ಅಂದ ಬೇಡ ಎಂದು ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.

ಗೇಟು ಈಜುಕೊಳದ ಕಡೆಗಲ್ಲ, ಹೊರಕ್ಕೆ ತೆರೆಯುವಂತಿರಲಿ. ಮಗು ಒಳಗೆ ಹೋಗಲು ತಳ್ಳಿದರೆ ಆಗ ಅದು ಮುಚ್ಚಿಕೊಳ್ಳುವ ಕಡೆಗೇ ಹೋಗುತ್ತದೆ. ಸ್ಪ್ರಿಂಗ್ ಹಿಂಜ್ ಹಾಕಿಸಿ, ಕೈಬಿಟ್ಟರೆ ಗೇಟು ತಾನೇ ಮುಚ್ಚಿ ಚಿಲಕ ತಾನೇ ಬೀಳಬೇಕು. ಚಿಲಕ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿರಲಿ. ತಿಂಗಳಿಗೊಮ್ಮೆ ಗೇಟನ್ನು ಒಂದು ಅಂಗೈ ಅಗಲ ಮಾತ್ರ ತೆರೆದು ಬಿಟ್ಟು ನೋಡಿ. ಪೂರ್ತಿ ತೆರೆದು ಬಿಟ್ಟರೆ ರಭಸಕ್ಕೆ ಮುಚ್ಚಿಕೊಳ್ಳುವ ಗೇಟು ಸ್ವಲ್ಪವೇ ತೆರೆದಾಗ ಚಿಲಕ ಬೀಳದೆ ನಿಲ್ಲುವುದುಂಟು. ಮಳೆಗಾಲದಲ್ಲಿ ಹಿಂಜ್ ತುಕ್ಕು ಹಿಡಿಯುತ್ತದೆ, ಎಣ್ಣೆ ಹಾಕಿಸಿ.

ಇಷ್ಟೆಲ್ಲ ಮಾಡಿ ಬೇಲಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಎಲ್ಲ ವ್ಯರ್ಥ. ಬೇಲಿಯಿಂದ 90 ಸೆಂ.ಮೀ. ದೂರದವರೆಗೆ ಕುರ್ಚಿ, ಹೂಕುಂಡ, ಎಸಿಯ ಹೊರಗಿನ ಯಂತ್ರ, ಪಂಪಿನ ಪೆಟ್ಟಿಗೆ ಯಾವುದೂ ಇರಬಾರದು ಎಂಬುದು ಆಸ್ಟ್ರೇಲಿಯಾದ ನಿಯಮ. ಇನ್ನೊಂದು ಕೆಟ್ಟ ಅಭ್ಯಾಸವಿದೆ: ಪಾರ್ಟಿಯ ದಿನ ಓಡಾಟಕ್ಕೆ ಅನುಕೂಲವೆಂದು ಗೇಟಿಗೆ ಇಟ್ಟಿಗೆ ಆನಿಸಿ ತೆರೆದಿಡುವುದು. ಮನೆ ತುಂಬ ಜನ, ಎಲ್ಲರ ಗಮನ ಊಟದ ಕಡೆ ಇರುವ ದಿನವೇ ಬೇಲಿ ಅತಿ ಹೆಚ್ಚು ಬೇಕಾಗುವುದು.

ಅಲಾರಂ ಮತ್ತು ಹೊದಿಕೆಗಳ ಬಗ್ಗೆ ಎರಡು ಮಾತು. ಫ್ರಾನ್ಸ್ 2003ರಲ್ಲಿ ಮಾಡಿದ ಕಾನೂನು ನೆಲದೊಳಗೆ ಕಟ್ಟಿದ ಖಾಸಗಿ ಈಜುಕೊಳಗಳಿಗೆ ಬೇಲಿ, ಅಲಾರಂ, ಸುರಕ್ಷತಾ ಹೊದಿಕೆ, ಮುಚ್ಚಿದ ಛಾವಣಿ ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು ಎನ್ನುತ್ತದೆ. ನನ್ನ ಮಟ್ಟಿಗೆ ಈ ನಾಲ್ಕೂ ಸಮವಲ್ಲ. ಅಲಾರಂ ಕೂಗುವುದು ಮಗು ನೀರಿಗೆ ಬಿದ್ದ ಮೇಲೆ, ಬೇಲಿ ಬೀಳುವುದನ್ನೇ ತಡೆಯುತ್ತದೆ. ಇನ್ನು ನೀರು ಬೆಚ್ಚಗಿರಲೆಂದು ಹಾಸುವ ಗುಳ್ಳೆಗುಳ್ಳೆಯ ತೆಳು ಹಾಳೆ ಸುರಕ್ಷತೆಯ ಹೊದಿಕೆಯೇ ಅಲ್ಲ. ಅದರ ಮೇಲೆ ಕಾಲಿಟ್ಟ ಮಗು ಹಾಳೆಯ ಅಡಿಗೆ ಜಾರಿ ಮೇಲಿನವರ ಕಣ್ಣಿಗೂ ಬೀಳುವುದಿಲ್ಲ.

ಬಾಡಿಗೆ ವಿಲ್ಲಾಗೆ ಹೋಗುವಾಗ

ಬುಕಿಂಗ್ ಮಾಡುವ ಮುಂಚೆ ಫೋನ್ ಮಾಡಿ ‘ಪೂಲ್‌ಗೆ ಬೇಲಿ ಇದೆಯೇ, ಗೇಟಿಗೆ ಬೀಗ ಹಾಕಬಹುದೇ’ ಎಂದು ಕೇಳಿ, ಫೋಟೊ ಕಳಿಸಲು ಹೇಳಿ. ಹೆಚ್ಚಿನ ಕಡೆ ಇಲ್ಲ ಎಂಬ ಉತ್ತರವೇ ಬಂದೀತು. ಮೂರು ವರ್ಷದೊಳಗಿನ ಮಗು ಇದ್ದರೆ ಪೂಲ್ ಇಲ್ಲದ ಮನೆಯನ್ನು ಆರಿಸಿಕೊಳ್ಳುವುದು ನಾಚಿಕೆಯ ವಿಷಯವೇನಲ್ಲ. ಮಗುವಿಗೆ ಬಾತ್‌ರೂಮಿನ ಮಗ್ಗು, ನೀರು ಅಷ್ಟೇ ಖುಷಿ ಕೊಡುತ್ತದೆ. ಗೆಳೆಯರ ಗುಂಪಿನೊಡನೆ ಹೋಗಲೇಬೇಕು ಎಂದಾದರೆ ಬೇಲಿಯ ಕೆಲಸವನ್ನು ಬಾಗಿಲುಗಳಿಂದ ಮಾಡಿಸಬೇಕಾಗುತ್ತದೆ.

ತಲುಪಿದ ಕೂಡಲೇ, ಸಾಮಾನು ಇಳಿಸುವ ಮುಂಚೆ, ಒಬ್ಬರು ಮಗುವನ್ನು ಎತ್ತಿಕೊಂಡಿರಲಿ, ಇನ್ನೊಬ್ಬರು ಮನೆ ಸುತ್ತಿ ಬರಲಿ. ಪೂಲ್ ಕಡೆ ತೆರೆಯುವ ಬಾಗಿಲು, ಕಿಟಕಿ ಎಷ್ಟು, ಯಾವುದಕ್ಕೆ ಮೇಲಿನ ಚಿಲಕ ಇದೆ, ಯಾವುದಕ್ಕೆ ಇಲ್ಲ ಎಂದು ನೋಡಿ. ಹೊಸ ಜಾಗ, ಎಲ್ಲರೂ ಬ್ಯಾಗು ಹೊರುವುದರಲ್ಲಿ ಮುಳುಗಿರುವಾಗ ಯಾವ ಕೋಣೆ ಯಾರಿಗೆ ಎಂಬ ಗಲಾಟೆಯಲ್ಲಿ ಪುಟ್ಟ ಮಗು ಸದ್ದಿಲ್ಲದೆ ಹೊರಟುಬಿಡುತ್ತದೆ. ಮೇಲಿನ ಚಿಲಕವಿಲ್ಲದ ಬಾಗಿಲಿಗೆ ಗೆಜ್ಜೆ ಅಥವಾ ಸಣ್ಣ ಗಂಟೆ ಕಟ್ಟಿ. ಇದು ಬೇಲಿಯಲ್ಲ, ಆದರೆ ಮಧ್ಯಾಹ್ನದ ನಿದ್ದೆಯಲ್ಲಿ ನಿಮ್ಮನ್ನು ಎಬ್ಬಿಸೀತು. ಪೂಲ್ ಬಾಗಿಲು ಯಾವಾಗಲೂ ಮುಚ್ಚಿರಬೇಕು ಎಂಬುದನ್ನು ಜೊತೆಗೆ ಬಂದ ದೊಡ್ಡ ಮಕ್ಕಳಿಗೂ, ಅಡುಗೆಯವರಿಗೂ, ಕೇರ್‌ಟೇಕರ್‌ಗೂ ಅವರವರ ಭಾಷೆಯಲ್ಲಿ ಹೇಳಿ.

ನೀರಾಟ ಮುಗಿದ ಮೇಲೆ ಚೆಂಡು, ಬಾತುಕೋಳಿ, ಟ್ಯೂಬು ಎಲ್ಲವನ್ನೂ ನೀರಿನಿಂದ ತೆಗೆದು ಒಳಗಿಡಿ. ನೀರಿನ ಮೇಲೆ ತೇಲುವ ಬಣ್ಣದ ಆಟಿಕೆ ಮಗುವನ್ನು ಕರೆಯುತ್ತದೆ. ಪೂಲ್‌ನ ತಳದಲ್ಲಿ ನೀರು ಹೋಗುವ ಜಾಗಕ್ಕೆ ಜಾಲರಿಯ ಮುಚ್ಚಳ ಇದೆಯೇ ನೋಡಿ. ಮುಚ್ಚಳ ಒಡೆದಿದ್ದರೆ ಅಥವಾ ಇಲ್ಲದಿದ್ದರೆ ಯಾರೂ ಇಳಿಯಬೇಡಿ. ಪಂಪಿನ ಎಳೆತಕ್ಕೆ ಕೂದಲು, ಬಟ್ಟೆ, ಕೈಬೆರಳು ಸಿಕ್ಕಿಕೊಂಡರೆ ದೊಡ್ಡವರು ಎಳೆದರೂ ಬಿಡಿಸಿಕೊಳ್ಳುವುದು ಕಷ್ಟ. ಇಂಥ ಅವಘಡಗಳಿಂದಾಗಿಯೇ ಅಮೆರಿಕ 2007ರಲ್ಲಿ ಸಾರ್ವಜನಿಕ ಈಜುಕೊಳಗಳ ಡ್ರೈನ್ ಮುಚ್ಚಳಕ್ಕೆ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಪಂಪಿನ ಸ್ವಿಚ್ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡಿರಿ.

ಈಜುಡುಗೆಯ ಬಣ್ಣವೂ ಒಂದು ವಿಷಯವೇ. ತಿಳಿನೀಲಿ, ಬಿಳಿ, ಬೂದು ಬಣ್ಣಗಳು ನೀರಿನಡಿ ಕಾಣುವುದೇ ಇಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ತೊಡಿಸಿ.

ಯಾರು ನೋಡುತ್ತಿದ್ದಾರೆ?

ಪೂಲ್ ಸುತ್ತ ಹತ್ತು ಜನ ದೊಡ್ಡವರು ಕುಳಿತಿದ್ದರೆ ಹತ್ತು ಜನ ನೋಡುತ್ತಿದ್ದಾರೆ ಎಂದಲ್ಲ. ಅತ್ತೆ ನೋಡುತ್ತಾರೆ ಎಂದು ಚಿಕ್ಕಪ್ಪ, ಚಿಕ್ಕಪ್ಪ ನೋಡುತ್ತಾರೆ ಎಂದು ಅಮ್ಮ. ಹಾಗಾಗಿ ಹೆಸರು ಹೇಳಿ ವಹಿಸಿ: ‘ಭಾವ, ಈಗಿನಿಂದ 15 ನಿಮಿಷ ನೀವು.’ ಕತ್ತಿಗೆ ಒಂದು ಶಿಳ್ಳೆ ಅಥವಾ ಟವೆಲ್ ಹಾಕಿಕೊಂಡರೆ ಸರದಿ ಯಾರದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ಇನ್ನೊಬ್ಬರಿಗೆ ಕೊಡುವವರೆಗೆ ಫೋನ್ ಇಲ್ಲ, ಇಸ್ಪೀಟು ಇಲ್ಲ, ಮದ್ಯ ಇಲ್ಲ. ಈಜಲು ಬಾರದ ಪುಟ್ಟ ಮಗು ನೀರಿನಲ್ಲಿ ಇರುವಷ್ಟೂ ಹೊತ್ತು ದೊಡ್ಡವರೊಬ್ಬರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನೀರಿನೊಳಗೇ ಇರಬೇಕು. ಎಂಟು ವರ್ಷದ ಅಕ್ಕನಿಗೆ ‘ತಮ್ಮನ್ನ ನೋಡ್ಕೋ’ ಎಂದು ಒಪ್ಪಿಸಬೇಡಿ. ಅದು ಅವಳ ವಯಸ್ಸಿಗೆ ಹೊರುವ ಭಾರವಲ್ಲ.

ಇಲ್ಲಿ ಔಷಧಿಗಳ ವಿಷಯ ಬರುತ್ತದೆ, ಇದನ್ನು ಸುರಕ್ಷತೆಯ ಪಟ್ಟಿಗಳಲ್ಲಿ ಯಾರೂ ಬರೆಯುವುದಿಲ್ಲ. ಘಾಟಿ ರಸ್ತೆಯಲ್ಲಿ ವಾಂತಿ ಬರುತ್ತದೆಂದು ಹೊರಡುವ ಮುಂಚೆ ಅವೊಮಿನ್ ಮಾತ್ರೆ ನುಂಗುವವರು ಬಹಳ. ಅದರಲ್ಲಿರುವುದು ಪ್ರೊಮೆಥಜಿನ್, ತೂಕಡಿಕೆ ತರುವ ಔಷಧಿ. ಅದರ ಮಂಪರು ಹಲವು ಗಂಟೆ ಇರುತ್ತದೆ. ಬೆಳಗ್ಗೆ ಮಾತ್ರೆ ತೆಗೆದುಕೊಂಡವರು ಮಧ್ಯಾಹ್ನ ಊಟ ಮಾಡಿ ಪೂಲ್ ಪಕ್ಕ ಆರಾಮ ಕುರ್ಚಿಯಲ್ಲಿ ಕೂತರೆ ಕಣ್ಣು ಎಳೆಯದಿದ್ದರೇ ಆಶ್ಚರ್ಯ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ಕೆಲವು ಕೆಮ್ಮಿನ ಸಿರಪ್‌ಗಳು, ಆತಂಕ ಅಥವಾ ನಿದ್ರೆಗೆ ಕೊಡುವ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳೂ ಇದೇ ಸಾಲಿನವು. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಇವನ್ನು ತೆಗೆದುಕೊಂಡ ದಿನ ಕಾವಲಿನ ಸರದಿ ಬೇರೆಯವರದಾಗಲಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಇದಕ್ಕಾಗಿ ನಿಲ್ಲಿಸಬೇಡಿ, ಸರದಿಯನ್ನಷ್ಟೇ ಬದಲಿಸಿ.

ಮಗುವಿಗೂ ಇದೇ ಮಾತು. ಪ್ರಯಾಣದಲ್ಲಿ ಮಲಗಲೆಂದು ಪ್ರೊಮೆಥಜಿನ್ ಸಿರಪ್ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು, ಉಸಿರಾಟವೇ ಕುಗ್ಗಬಹುದು. ಅದಕ್ಕಿಂತ ದೊಡ್ಡ ಮಕ್ಕಳಿಗೆ ವೈದ್ಯರ ಸಲಹೆಯ ಮೇಲೆ ಕೊಟ್ಟಿದ್ದರೂ ಆ ದಿನ ನೀರಿಗಿಳಿಸಬೇಡಿ.

ಮೂರ್ಛೆರೋಗ ಇರುವ ಮಕ್ಕಳಿಗೆ ನೀರಿನ ಅಪಾಯ ಬೇರೆ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು. ಹಾಗೆಂದು ನೀರನ್ನೇ ನಿಷೇಧಿಸಬೇಕಾಗಿಲ್ಲ, ನಿಮ್ಮ ನರರೋಗ ತಜ್ಞರನ್ನು ಕೇಳಿ. ಪ್ರವಾಸದಲ್ಲಿ ಒಂದೇ ಒಂದು ಡೋಸು ತಪ್ಪದಿರುವುದು ಮುಖ್ಯ. ಎರಡು ದಿನಕ್ಕೆ ಹೋಗುವುದಾದರೂ ನಾಲ್ಕು ದಿನದ ಔಷಧಿ ಇಟ್ಟುಕೊಳ್ಳಿ, ಅದೂ ಕೈಚೀಲದಲ್ಲಿ. ಬೆಟ್ಟದ ಊರಿನ ಔಷಧಿ ಅಂಗಡಿಯಲ್ಲಿ ನಿಮ್ಮ ಮಗುವಿನ ಸಿರಪ್ ಸಿಗುತ್ತದೆಂಬ ಭರವಸೆ ಬೇಡ. ಡೋಸು ತಪ್ಪಿದ್ದರೆ, ಜ್ವರವಿದ್ದರೆ, ರಾತ್ರಿ ನಿದ್ದೆಗೆಟ್ಟಿದ್ದರೆ ಆ ದಿನ ಈಜು ಬೇಡ. ಇಳಿದಾಗ ಒಬ್ಬರು ಆ ಮಗುವಿನ ಜೊತೆಗೇ ಇರಲಿ, ಬೇರೆ ಮಕ್ಕಳ ಹೊಣೆ ಅವರಿಗೆ ಬೇಡ. ಮನೆಯಲ್ಲಿ ಸ್ನಾನದ ಟಬ್ಬಿಗೂ ಇದೇ ಎಚ್ಚರ.

ಈಜು ಕಲಿಸಿದರೆ ಸಾಕಲ್ಲವೇ?

ಒಂದು ವರ್ಷ ದಾಟಿದ ಮಕ್ಕಳಿಗೆ ಈಜು ತರಬೇತಿಯಿಂದ ಅಪಾಯ ಕಡಿಮೆಯಾಗಬಹುದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಕಲಿಸಿ. ಆದರೆ ತರಗತಿಯಲ್ಲಿ ಈಜುಡುಗೆ ತೊಟ್ಟು ಗುರುಗಳ ಮುಂದೆ ಈಜುವ ಮಗು, ಫ್ರಾಕು ತೊಟ್ಟು ಹಠಾತ್ತನೆ ಬಿದ್ದಾಗ ಅದನ್ನೇ ಮಾಡುತ್ತದೆಂದು ಹೇಳಲಾಗದು. ತೋಳಿಗೆ ಹಾಕುವ ಗಾಳಿಚೀಲ ಮತ್ತು ಸೊಂಟದ ಟ್ಯೂಬು ಆಟಿಕೆಗಳೇ ಹೊರತು ರಕ್ಷಣೆಯ ಸಾಧನಗಳಲ್ಲ. ಜಾರುತ್ತವೆ, ಗಾಳಿ ಬಿಡುತ್ತವೆ, ಟ್ಯೂಬಿನಲ್ಲಿ ಮಗು ತಲೆಕೆಳಗಾಗಬಹುದು. ಅವುಗಳಿಂದ ಆಗುವ ದೊಡ್ಡ ಹಾನಿಯೆಂದರೆ ದೊಡ್ಡವರಿಗೆ ಬರುವ ಸುಳ್ಳು ಧೈರ್ಯ.

ಬಾಲ್ಕನಿಯಲ್ಲಿ ಗಾಳಿ ತುಂಬುವ ಪ್ಲಾಸ್ಟಿಕ್ ಪೂಲ್ ಇಡುವವರು ಆಟ ಮುಗಿದ ಕೂಡಲೇ ನೀರು ಚೆಲ್ಲಿ ಅದನ್ನು ಬೋರಲು ಹಾಕಿ. ‘ನಾಳೆಗೂ ಆಯಿತು, ನೀರು ದಂಡ ಯಾಕೆ’ ಎಂದು ಇಟ್ಟರೆ ನಾಳೆ ಬೆಳಗ್ಗೆ ಮಗು ನಿಮಗಿಂತ ಮೊದಲು ಏಳುತ್ತದೆ. ಗಿಡಗಳಿಗೆ ಹಾಕಿ, ಬಾತ್‌ರೂಮಿಗೆ ಬಳಸಿ. ತುಂಬಿದ ಬಕೆಟ್, ಡ್ರಮ್ಮು, ಮುಚ್ಚಳ ಸಡಿಲವಾದ ಸಂಪು ಎಲ್ಲಕ್ಕೂ ಇದೇ ನಿಯಮ. ಕೆಲವೇ ಇಂಚು ನೀರೂ ಪುಟ್ಟ ಮಗುವಿನ ಜೀವಕ್ಕೆ ಎರವಾಗುತ್ತದೆ.

ಪಂಪ್ ಕೋಣೆಯ ಡಬ್ಬಿಗಳು

ಈಜುಕೊಳ ಇರುವಲ್ಲಿ ಅದರ ರಾಸಾಯನಿಕಗಳೂ ಇರುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುವು ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಹರಳು, ಟಿಸಿಸಿಎ ಎಂದು ಕರೆಯುವ ಕ್ಲೋರಿನ್ ಬಿಲ್ಲೆ, ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ, ಪಾಚಿಗೆ ಮೈಲುತುತ್ತ. ಬಿಲ್ಲೆ ಬೆಳ್ಳಗೆ ದುಂಡಗೆ ಇರುತ್ತದೆ, ಮೈಲುತುತ್ತ ಕಲ್ಲುಸಕ್ಕರೆಯಂಥ ನೀಲಿ ಹರಳು. ಎರಡೂ ಮಕ್ಕಳ ಕಣ್ಣಿಗೆ ತಿಂಡಿಯಂತೆ ಕಾಣಬಹುದು. ಪಂಪ್ ಕೋಣೆಗೆ ಬೀಗ ಇರಲೇಬೇಕು. ಆಮ್ಲವನ್ನು ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಸಿಡುವುದನ್ನು ಕಂಡರೆ ಆ ಕ್ಷಣವೇ ತಡೆಯಿರಿ.

ಒಂದನ್ನು ಇನ್ನೊಂದರ ಜೊತೆ ಬೆರೆಸಬಾರದು. ಕ್ಲೋರಿನ್ ಪುಡಿಗೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ. ಹೈಪೊಕ್ಲೋರೈಟ್ ಹರಳನ್ನೂ ಟಿಸಿಸಿಎ ಬಿಲ್ಲೆಯನ್ನೂ ಕೂಡಿಸಿದರೆ ಬೆಂಕಿ, ಸ್ಫೋಟ ಆಗಬಹುದು, ಒಂದೇ ಅಳತೆ ಮಗ್ಗನ್ನು ಎರಡಕ್ಕೂ ಬಳಸುವುದೂ ತಪ್ಪು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಹಾಕುವಾಗ ಮಕ್ಕಳು ಹತ್ತಿರ ಇರಬಾರದು. ಮಾಲೀಕರನ್ನು ಕೇಳುವುದಾದರೆ, ನೀರಿನಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕು. ತಳ ಸ್ಪಷ್ಟವಾಗಿ ಕಾಣದ ಕಲಕು ನೀರಿಗೆ ಇಳಿಯಬೇಡಿ. ಸೋಂಕಿನ ಭಯಕ್ಕಿಂತ ಮೊದಲು, ಮುಳುಗಿದ ಮಗು ಅದರಲ್ಲಿ ಕಾಣುವುದಿಲ್ಲ.

ಮಗು ಇವುಗಳಲ್ಲಿ ಯಾವುದನ್ನಾದರೂ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು, ನಿಂಬೆ ರಸ, ಸೋಡ ಕುಡಿಸಬೇಡಿ. ಬಾಯಿ ತೊಳೆಸಿ, ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ದೇಶದ ಎಲ್ಲಿಂದಲೂ ಕರೆ ಮಾಡಬಹುದು. ಕಣ್ಣಿಗೆ ಸಿಡಿದಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಮೇಲೆ ಹೊರಡಿ. ಅನಿಲ ಉಸಿರಾಡಿ ಕೆಮ್ಮು ಬಂದಿದ್ದರೆ ಬಯಲಿಗೆ ಕರೆತನ್ನಿ. ಕೆಮ್ಮು ನಿಂತರೂ ವೈದ್ಯರಿಗೆ ತೋರಿಸಿ, ಶ್ವಾಸಕೋಶದ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.

ಮಗು ಮುಳುಗಿದರೆ ಏನು ಮಾಡಬೇಕು?

ಮಗು ಕಾಣುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ ಜಾಗ ಈಜುಕೊಳ. ಮಂಚದ ಕೆಳಗೆ, ಕಪಾಟಿನ ಹಿಂದೆ ಎಲ್ಲ ಆಮೇಲೆ ಹುಡುಕಬಹುದು.

ಎತ್ತಿದ ಕೂಡಲೇ ಬೆನ್ನ ಮೇಲೆ ಗಟ್ಟಿ ನೆಲದಲ್ಲಿ ಮಲಗಿಸಿ. ಕರೆಯಿರಿ, ತಟ್ಟಿ. ಎದೆ ಏರಿಳಿಯುತ್ತಿದೆಯೇ ಎಂದು ನೋಡಿ, 10 ಸೆಕೆಂಡಿಗಿಂತ ಹೆಚ್ಚು ಬೇಡ. ಉಸಿರಾಟ ಇಲ್ಲದಿದ್ದರೆ ಅಥವಾ ನಡುನಡುವೆ ಏದುಸಿರು ಮಾತ್ರ ಇದ್ದರೆ ಸಿಪಿಆರ್ ಶುರು ಮಾಡಿ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಆಂಬುಲೆನ್ಸಿಗೆ ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ಕರ್ನಾಟಕದಲ್ಲಿ 108, ದಿಲ್ಲಿಯಲ್ಲಿ 102. ನೀವೊಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟು ಕೆಲಸ ಮುಂದುವರಿಸಿ. ವಿಲ್ಲಾದ ಪೂರ್ಣ ವಿಳಾಸವನ್ನು ತಲುಪಿದ ದಿನವೇ ಬರೆದು ಬಾಗಿಲಿಗೆ ಅಂಟಿಸಿರಿ, ಆ ಗಾಬರಿಯಲ್ಲಿ ‘ಲೋನಾವಳ’ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಶಿಬಿರಗಳಲ್ಲಿ ‘ಎದೆ ಮಾತ್ರ ಒತ್ತಿದರೆ ಸಾಕು’ ಎಂದು ನೀವು ಕಲಿತಿರಬಹುದು. ದೊಡ್ಡವರು ಹೃದಯಾಘಾತದಿಂದ ಕುಸಿದಾಗ ಅದು ಸರಿ. ಮುಳುಗಿದ ಮಗುವಿನ ಕಥೆ ಬೇರೆ. ಅಲ್ಲಿ ಹೃದಯ ನಿಲ್ಲುವುದು ಆಮ್ಲಜನಕ ಇಲ್ಲದೆ, ಆದ್ದರಿಂದ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಬೇಕೇ ಬೇಕು. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ. ಒಂದು ವರ್ಷದೊಳಗಿನ ಕೂಸಾದರೆ ತಲೆ ನೇರವಾಗಿರಲಿ, ನಿಮ್ಮ ಬಾಯಿಯಿಂದ ಅದರ ಮೂಗು ಬಾಯಿ ಎರಡನ್ನೂ ಮುಚ್ಚಿ. ದೊಡ್ಡ ಮಗುವಾದರೆ ಮೂಗು ಹಿಡಿದು ಬಾಯಿಗೆ ಊದಿ. ಎದೆ ಮೇಲೇಳುವಷ್ಟು, ಒಂದು ಸೆಕೆಂಡು. ಮೊದಲಿಗೆ ಯುರೋಪಿನ ಮಾರ್ಗಸೂಚಿ 5 ಉಸಿರು ಎನ್ನುತ್ತದೆ, ಅಮೆರಿಕದ್ದು 2 ಎನ್ನುತ್ತದೆ. ನೀವು ಯಾವುದನ್ನು ಕಲಿತಿದ್ದೀರೋ ಅದನ್ನೇ ಮಾಡಿ, ತಡಮಾಡಬೇಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು ಕೊಡಿ, ಮತ್ತೆ 30. ಎದೆಯ ದಪ್ಪದ ಮೂರನೇ ಒಂದು ಭಾಗ ಕೆಳಗಿಳಿಯಬೇಕು, ಕೂಸಿಗೆ ಸುಮಾರು 4 ಸೆಂ.ಮೀ., ಮಗುವಿಗೆ 5. ವೇಗ ನಿಮಿಷಕ್ಕೆ 100ರಿಂದ 120. ಕೂಸಿಗೆ ಎರಡೂ ಹೆಬ್ಬೆರಳುಗಳು, ಮಗುವಿಗೆ ಒಂದು ಅಂಗೈ ಸಾಕು. ಬಾಯಿಯಿಂದ ನೊರೆ ಬರುತ್ತಿದ್ದರೆ ಒರೆಸುತ್ತ ಕೂರಬೇಡಿ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ತೆರವು ಮಾಡಿ ಮುಂದುವರಿಸಿ. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸಿನವರು ಬರುವವರೆಗೆ ನಿಲ್ಲಿಸಬೇಡಿ. ಓದಿ ಕಲಿಯುವ ವಿದ್ಯೆ ಇದಲ್ಲ, ಒಂದು ದಿನದ ತರಬೇತಿಯಲ್ಲಿ ಗೊಂಬೆಯ ಮೇಲೆ ಒತ್ತಿ ನೋಡಿದರೆ ಕೈಗೆ ಅಂದಾಜು ಸಿಗುತ್ತದೆ.

ಮಾಡಬಾರದ್ದೂ ಇದೆ. ಕಾಲು ಹಿಡಿದು ತಲೆಕೆಳಗೆ ತೂಗಾಡಿಸುವುದು, ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವುದು, ನೀರು ಹೊರಬರಲೆಂದು ಹೊಟ್ಟೆ ಅದುಮುವುದು. ಇವುಗಳಿಂದ ಬರುವುದು ಹೊಟ್ಟೆಯಲ್ಲಿದ್ದ ನೀರು. ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ, ಸಿಪಿಆರ್‌ಗೆ ಸಿಗಬೇಕಾದ ನಿಮಿಷಗಳೂ ಹೋಗುತ್ತವೆ. ಇನ್ನೊಂದು ಉಪ್ಪಿನದು. ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆ ಎಂಬ ವಾಟ್ಸ್ಆ್ಯಪ್ ಸಂದೇಶ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮಕ್ಕಳ ದೇಹಗಳನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಆ ತಂದೆತಾಯಿಯರನ್ನು ಹಳಿಯಲು ಮನಸ್ಸು ಬರುವುದಿಲ್ಲ, ಮಗು ಎದ್ದೇಳಬಹುದು ಎಂಬ ಆಸೆ ಯಾರಿಗಿರುವುದಿಲ್ಲ? ಆದರೆ ಉಪ್ಪಿನಿಂದ ಹೃದಯವಾಗಲಿ ಉಸಿರಾಗಲಿ ಮರಳುವುದಿಲ್ಲ. ಆ ಸಂದೇಶ ನಿಮ್ಮ ಕುಟುಂಬದ ಗುಂಪಿಗೆ ಬಂದರೆ ಅಲ್ಲೇ ತಪ್ಪೆಂದು ಬರೆಯಿರಿ.

ಎದ್ದು ಕೂತ ಮೇಲೆ

ಎಚ್ಚರ ತಪ್ಪಿದ್ದ, ಸಿಪಿಆರ್ ಬೇಕಾದ, ಅಥವಾ ನೀರಿನಡಿಯಿಂದ ಎತ್ತಿದ ಮೇಲೆ ಕೆಮ್ಮುತ್ತಲೇ ಇರುವ ಮಗುವನ್ನು, ಈಗ ನಗುತ್ತಿದ್ದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಸುತ್ತಿ. ನಿದ್ದೆಗೆ ಜಾರುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಉಸಿರನ್ನು ಗಮನಿಸುತ್ತಿರಿ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 6ರಿಂದ 8 ಗಂಟೆ ಇರಿಸಿಕೊಂಡು ಆಮ್ಲಜನಕದ ಮಟ್ಟ ನೋಡುತ್ತಾರೆ.

‘ಪೂಲ್‌ನಲ್ಲಿ ಒಂದು ಗುಟುಕು ನೀರು ಕುಡಿದ ಮಗು ವಾರದ ನಂತರ ಡ್ರೈ ಡ್ರೌನಿಂಗ್ ಆಗಿ ತೀರಿಕೊಂಡಿತು’ ಎಂಬ ಸುದ್ದಿಗಳು ಆಗಾಗ ಹರಿದಾಡುತ್ತವೆ. 2002ರ ಆಮ್ಸ್ಟರ್‌ಡ್ಯಾಮ್ ಸಮ್ಮೇಳನದಲ್ಲಿ ತಜ್ಞರು ‘ಮುಳುಗುವಿಕೆ’ಗೆ ಒಂದೇ ವ್ಯಾಖ್ಯೆ ಒಪ್ಪಿಕೊಂಡು, ಇಂಥ ಗೊಂದಲದ ಹೆಸರುಗಳನ್ನು ಬಿಡಬೇಕೆಂದರು. ನೀರು ಕುಡಿದು ಒಮ್ಮೆ ಕೆಮ್ಮಿ ಆಟಕ್ಕೆ ಮರಳಿದ, ಇಡೀ ದಿನ ಸರಿಯಾಗಿದ್ದ ಮಗು ವಾರದ ನಂತರ ಅದೇ ಕಾರಣಕ್ಕೆ ಸಾಯುವುದಿಲ್ಲ. ತೊಂದರೆ ಇದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ: ನಿಲ್ಲದ ಕೆಮ್ಮು, ವೇಗದ ಉಸಿರು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ಪದೇ ಪದೇ ವಾಂತಿ, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಗಲೇ ಹೊರಡಿ. ಕೆಮ್ಮಿನ ಸಿರಪ್ ಕೊಟ್ಟು ಮಲಗಿಸಬೇಡಿ, ಅದರ ತೂಕಡಿಕೆಯಲ್ಲಿ ನಿಜವಾದ ಮಂಪರು ಯಾವುದೆಂದು ನಿಮಗೂ ತಿಳಿಯುವುದಿಲ್ಲ, ವೈದ್ಯರಿಗೂ ತಿಳಿಯುವುದಿಲ್ಲ.